ಐದು ರಾಶಿ, ಎಪ್ಪತ್ತೊಂದು ದನಿ

ಕಷಾಯದ ಮನೆ ಮುಚ್ಚುವ ಸುದ್ದಿಯನ್ನು ಊರಿಗೆಲ್ಲ ಸಾರುವ ಕೆಲಸ ನನ್ನ ಪಾಲಿಗೇ ಬಂತು. ನಾನು ಯಮನಪ್ಪ, ಈ ಊರಿನ ಡಂಗುರದವನು. ಎಷ್ಟೋ ಕೆಟ್ಟ ಸುದ್ದಿಗಳನ್ನು ಸಾರಿದ್ದೇನೆ. ಆದರೆ ಅವತ್ತು ಹಲಗೆಗೆ ಕೋಲು ತಾಗಿಸಲು ಕೈ ಏಳಲಿಲ್ಲ. ಕೂಗಿ ಹೇಳಲು ನನ್ನಲ್ಲಿದ್ದ ದನಿಯೇ ಆ ಮನೆಯ ಕಷಾಯ ಕುಡಿದ ಮೇಲೆ ತಿರುಗಿ ಬಂದದ್ದಾಗಿತ್ತು.

ನಮ್ಮೂರಿನಲ್ಲಿ ಹೋಳಿ ಮುಗಿದ ಮೇಲೆ ಒಂಬತ್ತು ದಿನ ಬಿಳಿಗಾಳಿ ಬೀಸುತ್ತದೆ. ಬೀಸಿ ಹೋದ ಮೇಲೆ ನೋಡಿದರೆ ಮುನ್ನೂರು ಮುನ್ನೂರೈವತ್ತು ಮಂದಿಯ ದನಿ ಹೋಗಿರುತ್ತದೆ. ಕೆಲವರಿಗೆ ಗೊಗ್ಗರು ದನಿಯಾದರೂ ಉಳಿಯುತ್ತದೆ, ಕೆಲವರ ಗಂಟಲಲ್ಲಿ ಉಸಿರಿನ ಸಪ್ಪಳವೂ ಇರುವುದಿಲ್ಲ. ನಲವತ್ತು ದಿನದೊಳಗೆ ಬಂದರೆ ಬಂತು, ಆಮೇಲೆ ಬಂದದ್ದನ್ನು ಯಾರೂ ಕಂಡಿಲ್ಲ. ಇದಕ್ಕೆಲ್ಲ ಊರು ಹೊಂದಿಕೊಂಡಿದೆ. ಒಂದೊಂದು ಮನೆಯ ಬಾಗಿಲಿಗೆ ಒಂದೊಂದು ಬಗೆಯ ಗಂಟೆ. ಕಾಯಿಪಲ್ಲೆ ಮಾರುವ ದುರುಗವ್ವ ದನಿ ಹೋದಾಗ ಬುಟ್ಟಿಗೆ ಕಟ್ಟಿಕೊಂಡ ಗೆಜ್ಜೆಯನ್ನು ದನಿ ಬಂದ ಮೇಲೂ ಬಿಚ್ಚಿಲ್ಲ. ನಮ್ಮ ಓಣಿಯ ಇಬ್ಬರು ಅಣ್ಣತಮ್ಮಂದಿರು ಹೊಲದ ಬದುವಿನ ಜಗಳವನ್ನು ಎರಡು ವರ್ಷದಿಂದ ಹಾಗೇ ಇಟ್ಟುಕೊಂಡಿದ್ದಾರೆ. ತಮ್ಮನಿಗೆ ದನಿ ಬರಲಿಲ್ಲ, ಮೂಕನ ಜೊತೆ ಜಗಳವಾಡುವುದು ಅಣ್ಣನಿಗೆ ನ್ಯಾಯ ಅನ್ನಿಸಲಿಲ್ಲ.

ಕಷಾಯದ ಮನೆ ಇರುವುದು ಗುಡ್ಡದ ತುದಿಯಲ್ಲಿ. ಅಲ್ಲಿಗೆ ಸಾವಿರದ ನೂರು ಮೆಟ್ಟಿಲು. ಕಷಾಯ ಕಾಸುವವಳು ಬೀಬಿಜಾನ್ ಅಮ್ಮ. ಅವಳ ಅಜ್ಜಿ ಹೊತ್ತಿಸಿದ ಒಲೆ ಇನ್ನೂ ಆರಿಲ್ಲ. ನಿನ್ನೆಯ ಕಷಾಯದ ಗಸಿ ಹಾಕಿಯೇ ಇವತ್ತಿನದನ್ನು ಕುದಿಸಬೇಕು. ಒಮ್ಮೆ ಒಲೆ ಆರಿ ಗಸಿ ಕೆಟ್ಟರೆ ಮತ್ತೆ ಹದಕ್ಕೆ ಬರಲು ಏಳು ವರ್ಷ. ಕುಡಿಯುವಾಗ ತುಟಿ ಚುರುಗುಟ್ಟುವಷ್ಟು ಬಿಸಿ ಇರಬೇಕು, ಆರಿದರೆ ಅದು ಬರೀ ಕಹಿನೀರು. ಒಬ್ಬ ಮನುಷ್ಯ ಕೊಡ ಹಿಡಿದು ಆ ಕಡಿದಾದ ಮೆಟ್ಟಿಲು ಇಳಿಯಲು ಅರ್ಧ ತಾಸು ಬೇಕು, ಅಷ್ಟರಲ್ಲಿ ಆರಿಯೇ ಹೋಗುತ್ತದೆ. ಆದ್ದರಿಂದ ಬೇಕಾದವರೇ ದಿನಾ ಹತ್ತಿ ಹೋಗಿ ಕುಡಿಯಬೇಕಿತ್ತು.

ಮುಚ್ಚಬೇಕೆಂದು ಹೊರಟವರು ಊರ ಸಭೆಯ ಹಿರಿಯರಾದ ಮಲಕಾಜಪ್ಪನವರು. ಪೇಟೆಯಲ್ಲಿ ಮೂವತ್ತು ವರ್ಷದಿಂದ ಕಾಳಿನ ಚೀಲ ತೂಗುತ್ತ ಬಂದವರು. ಅವರ ತಕ್ಕಡಿಯ ಬಗ್ಗೆ ಯಾರೂ ಒಂದು ಮಾತು ಆಡಿದ್ದಿಲ್ಲ. ಅವರ ಹೆಂಡತಿ ನಿಂಬೆವ್ವನ ದನಿ ಹಿಂದಿನ ವರ್ಷದ ಗಾಳಿಗೆ ಹೋಗಿತ್ತು. ನಲವತ್ತು ದಿನವೂ ಆಕೆಯನ್ನು ಬೆನ್ನ ಮೇಲೆ ಹೊತ್ತು ಗುಡ್ಡ ಹತ್ತಿಸಿದ್ದರು. ದನಿ ಬರಲಿಲ್ಲ. ಅವರ ಸಿಟ್ಟು ಅಲ್ಲಿಂದ ಶುರುವಾದದ್ದು. ಆದರೆ ಬರೀ ಸಿಟ್ಟಿನಿಂದ ಮಾತಾಡುವ ಮನುಷ್ಯ ಅವರಲ್ಲ, ನನ್ನ ದಫ್ತರ ತರಿಸಿಕೊಂಡು ನೋಡಿದರು.

ಗಾಳಿ ನಿಂತ ಮೂರನೆಯ ದಿನ ಮನೆಮನೆಗೆ ಹೋಗಿ ಯಾರ ದನಿ ಹೋಗಿದೆ, ಎಷ್ಟು ಹೋಗಿದೆ ಎಂದು ಬರೆದುಕೊಳ್ಳುವುದು, ನಲವತ್ತನೆಯ ದಿನ ಮತ್ತೆ ಹೋಗಿ ಯಾರಿಗೆ ಬಂತು ಎಂದು ಬರೆಯುವುದು ಡಂಗುರದವನ ಕೆಲಸ. ಮೂರು ವರ್ಷದ್ದು ಕೂಡಿಸಿದರೆ ಸರಿಯಾಗಿ ಒಂದು ಸಾವಿರ ಹೆಸರು. ಅದರಲ್ಲಿ ಕಷಾಯ ಕುಡಿದವರು ಮುನ್ನೂರ ಮೂವತ್ತು, ಅವರೊಳಗೆ ದನಿ ಬಂದದ್ದು ಇನ್ನೂರ ಮೂವತ್ತಮೂರು ಮಂದಿಗೆ. ಕುಡಿಯದವರು ಆರುನೂರ ಎಪ್ಪತ್ತು, ದನಿ ಬಂದದ್ದು ಐನೂರ ಎಂಟು ಮಂದಿಗೆ. ಕುಡಿದವರಲ್ಲಿ ನೂರಕ್ಕೆ ಎಪ್ಪತ್ತೊಂದು, ಕುಡಿಯದವರಲ್ಲಿ ನೂರಕ್ಕೆ ಎಪ್ಪತ್ತಾರು. ಕುಡಿಯದಿದ್ದವರೇ ಮೇಲು! ಬರುವ ಗುರುವಾರ ಸಭೆ, ಯಾರದೂ ತಕರಾರು ಇಲ್ಲದಿದ್ದರೆ ಅವತ್ತೇ ಒಲೆಗೆ ನೀರು. ನಾನು ಹಲಗೆ ಬಾರಿಸಿ ಇದನ್ನೇ ಸಾರಿದೆ.

ಶಾಲೆಯ ಮುಂದೆ ಸಾರುವಾಗ ಶಾಂಭವಿ ಅಕ್ಕಾರು ಹೊರಗೆ ಬಂದರು. ನಮ್ಮೂರ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವರು. ಐವತ್ತರ ಹತ್ತಿರದ ವಯಸ್ಸು, ಸೆರಗಿನ ತುದಿಯಲ್ಲಿ ಯಾವಾಗಲೂ ಸುಣ್ಣದ ಕಡ್ಡಿಯ ಪುಡಿ. ತಪ್ಪು ಮಾಡಿದ ಹುಡುಗರನ್ನು ಎಂದೂ ಹೊಡೆದವರಲ್ಲ. "ಎಲ್ಲಿ ತಪ್ಪಿತು ತೋರಿಸು" ಎಂದು ಪಕ್ಕದಲ್ಲಿ ಕೂತುಬಿಡುವರು, ಅದು ಹೊಡೆತಕ್ಕಿಂತ ಕಷ್ಟ.

"ಯಮನಪ್ಪ, ನೀ ಸಾರಿದ ಲೆಕ್ಕ ಖರೇ ಏನು?"

"ಖರೇ ಐತ್ರಿ ಅಕ್ಕಾರ. ನಾನ ಬರದೇನಿ."

"ನಿನ್ನ ದನಿ ಹ್ಯಾಂಗ ಬಂತು?"

"ಕಷಾಯ ಕುಡದ ಬಂತ್ರಿ."

"ಕುಡೀದಿದ್ರ ಬರತಿದ್ದಿಲ್ಲೇನು?"

ಅದು ನನಗೆ ಹೇಗೆ ಗೊತ್ತು? ಅವರು ನನ್ನ ಮುಖ ನೋಡಿ, "ಗೊತ್ತಿಲ್ಲಲ್ಲ? ನನಗೂ ಗೊತ್ತಿಲ್ಲ. ಹೋಗಿ ದಫ್ತರ ತಗೊಂಡ ಬಾ" ಅಂದರು.

ನಾನು ದಫ್ತರ ತಂದು ಅವರ ಮೇಜಿನ ಮೇಲಿಟ್ಟೆ. ಅವರು ಮೊದಲು ಮಾಡಿದ ಕೆಲಸ ನನಗೆ ಇವತ್ತಿಗೂ ನೆನಪಿದೆ. ದನಿ ಬಂತೋ ಇಲ್ಲವೋ ಎಂದು ನಾನು ಬರೆದ ನಲವತ್ತನೆಯ ದಿನದ ಸಾಲನ್ನು ಪುಟಪುಟಕ್ಕೂ ಮಡಿಚಿ ಒಳಗೆ ಸೇರಿಸಿದರು. "ಇದನ್ನ ಈಗ ನೋಡೂದು ಬ್ಯಾಡ. ನೋಡಿದ್ರ ನಮಗ ಬೇಕಾದಂಗ ಆರಿಸ್ಕೋತೀವಿ" ಅಂದರು. ಆಮೇಲೆ ಕೇಳಿದರು, "ಯಾರು ಮೆಟ್ಟಲಾ ಹತ್ತತಾರ, ಯಾರು ಹತ್ತೂದಿಲ್ಲ? ಅದನ್ನ ಹೇಳು."

ಅದು ನನಗೆ ಗೊತ್ತಿತ್ತು. ಉಸಿರಿನ ಸಪ್ಪಳವೂ ಉಳಿಯದವರು ಹೆದರಿ ಹತ್ತುತ್ತಾರೆ. ಹಿಂದೊಮ್ಮೆ ದನಿ ಹೋಗಿ ಕಷ್ಟ ಕಂಡವರು ಹತ್ತುತ್ತಾರೆ. ವಯಸ್ಸಾದವರನ್ನು ಮನೆಯವರು ಹೊತ್ತೊಯ್ಯುತ್ತಾರೆ. ಮೆಟ್ಟಿಲ ಬುಡದಲ್ಲೇ ಮನೆ ಇದ್ದವರು ಹತ್ತುತ್ತಾರೆ, ಕೆರೆಯ ಆಚೆ ಇರುವವರು ನಾಳೆ ನಾಡಿದ್ದು ಅನ್ನುತ್ತಾರೆ. ಗೊಗ್ಗರು ದನಿ ಉಳಿದ ಹರೆಯದವರಂತೂ ಗುಡ್ಡದ ಕಡೆ ತಿರುಗಿಯೂ ನೋಡುವುದಿಲ್ಲ. ನಾಲ್ಕು ದಿನದಲ್ಲಿ ತಾನೇ ಸರಿಹೋಗುತ್ತದೆ ಎಂಬ ಧೈರ್ಯ ಅವರಿಗೆ.

ಅಕ್ಕಾರು ಕೇಳುತ್ತ ಕೇಳುತ್ತ ಎದ್ದು ನಿಂತರು. "ಅಂದ್ರ, ದನಿ ಬರೂದು ಕಠಿಣ ಇದ್ದವರ ಹೋಗಿ ಕಷಾಯ ಕುಡದಾರ. ಹಗರ ಇದ್ದವರು ಮನ್ಯಾಗ ಕುಂತಾರ. ಆಮ್ಯಾಲ ಇಬ್ಬರನ್ನೂ ಒಂದ ತಕ್ಕಡ್ಯಾಗ ಹಾಕೀರಿ!"

ಗಾಳಿಗೆ ಇನ್ನೂ ಎರಡು ತಿಂಗಳಿತ್ತು, ಸಭೆಗೆ ಆರೇ ದಿನ. ಒಬ್ಬೊಬ್ಬರಿಗೆ ಒಂದೊಂದು ಚೀಟಿ ಕತ್ತರಿಸಿ, ವಯಸ್ಸು, ದನಿ ಎಷ್ಟು ಹೋಗಿತ್ತು, ಹಿಂದೆ ಹೋಗಿತ್ತೇ, ಮನೆ ಎಷ್ಟು ದೂರ, ಕೈ ಹಿಡಿದು ಹತ್ತಿಸುವವರು ಇದ್ದರೇ ಎಂದು ಬರೆದೆವು. ಇಂಥ ನೂರು ಮಂದಿ ಇದ್ದರೆ ಅವರಲ್ಲಿ ಎಷ್ಟು ಜನ ಮೆಟ್ಟಿಲು ಹತ್ತಿಯಾರು ಎಂದು ಅಕ್ಕಾರು ಲೆಕ್ಕ ಹಾಕಿ ಪ್ರತಿ ಚೀಟಿಯ ಮೂಲೆಗೆ ಒಂದು ಅಂಕಿ ಹಾಕಿದರು. ಆ ಅಂಕಿಯ ಪ್ರಕಾರ ಶಾಲೆಯ ನೆಲದ ಮೇಲೆ ಐದು ರಾಶಿ ಮಾಡಿದೆವು. ಹತ್ತುವುದೇ ಇಲ್ಲ ಅನ್ನಿಸುವವರು ಮೊದಲ ರಾಶಿ, ಹತ್ತಿಯೇ ಹತ್ತುತ್ತಾರೆ ಅನ್ನಿಸುವವರು ಐದನೆಯದು. ಆದರೂ ಪ್ರತಿ ರಾಶಿಯಲ್ಲಿ ಕುಡಿದವರೂ ಇದ್ದರು, ಕುಡಿಯದವರೂ ಇದ್ದರು. ಐದನೆಯ ರಾಶಿಯ ನೂರು ಮಂದಿಯಲ್ಲಿ ಇಪ್ಪತ್ತು ಜನ ಹತ್ತಿರಲಿಲ್ಲ. ಒಬ್ಬನ ಕಾಲು ಮುರಿದಿತ್ತು, ಒಬ್ಬಾಕೆಯ ಮಗಳ ಬಾಣಂತನ, ಹೀಗೆ ಏನೇನೋ. ಒಂದೇ ರಾಶಿಯೊಳಗೆ ಕುಡಿದವರನ್ನೂ ಕುಡಿಯದವರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ವಯಸ್ಸು, ಗಂಟಲು, ದೂರ ಎಲ್ಲವೂ ಹೆಚ್ಚು ಕಡಿಮೆ ಸಮ.

"ಈಗ ಬಿಚ್ಚು" ಅಂದರು ಅಕ್ಕಾರು.

ಮಡಿಚಿದ ಸಾಲು ಬಿಚ್ಚಿ ಒಂದೊಂದೇ ಓದಿದೆ. ಅವರು ಗೀಟು ಹಾಕುತ್ತ ಹೋದರು. ಕಡೆಯ ರಾಶಿ ಮುಗಿದಾಗ ಅವರು ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಗೊತ್ತಾದ ಮೇಲೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಹಲಗೆಗೆ ಎರಡು ಸಲ ಬಾರಿಸಿದರು.

ಗುರುವಾರ ಬೆಳಿಗ್ಗೆ ಪೇಟೆಯ ತೂಕದ ಕಟ್ಟೆಯ ಮುಂದೆ ಇಡೀ ಊರು ನೆರೆದಿತ್ತು. ಬೀಬಿಜಾನ್ ಅಮ್ಮ ಗುಡ್ಡ ಇಳಿದು ಬಂದು ಒಂದು ಮೂಲೆಯಲ್ಲಿ ಕೂತಿದ್ದಳು, ಕೈಯಲ್ಲಿ ಹೊಗೆ ಹಿಡಿದ ಸೌಟು. ನಿಂಬೆವ್ವ ಹೆಂಗಸರ ಸಾಲಿನಲ್ಲಿ ಮಡಿಲಲ್ಲಿ ಪಾಟಿ ಇಟ್ಟುಕೊಂಡಿದ್ದಳು. ಅಕ್ಕಾರು ಚೀಟಿಗಳನ್ನು ಐದು ಮೊರಗಳಲ್ಲಿ ತಂದು ಕಟ್ಟೆಯ ಮೇಲೆ ಸಾಲಾಗಿ ಇಟ್ಟರು.

"ಯಮನಪ್ಪನ ದಫ್ತರ ಸುಳ್ಳಂತೀರೇನ್ರಿ ಅಕ್ಕಾರ?" ಮಲಕಾಜಪ್ಪನವರು ಕೇಳಿದರು.

"ಇಲ್ರಿ. ದಫ್ತರ ಖರೇನ ಐತಿ. ಆದ್ರ ಗಂಟಲದಾಗ ಹನಿ ದನಿ ಉಳೀಲಾರದವರನ್ನ ಗೊಗ್ಗರ ದನಿಯವರ ಜೋಡಿ ಹೋಲಿಸೀರಿ. ಅವರಂಥವರನ್ನ ಅವರಂಥವರ ಜೋಡಿ ಹೋಲಿಸಿ ನೋಡ್ರಿ." ಮೊದಲ ಮೊರ ಮುಂದೆ ಎಳೆದರು. "ಇವರು ಹಗರ ಇದ್ದವರು. ಕುಡೀದವರಿಗೆ ನೂರಕ್ಕ ತೊಂಬತ್ತು ಮಂದಿಗೆ ದನಿ ಬಂದೈತಿ. ಕುಡದವರಿಗೆ ತೊಂಬತ್ತೈದು. ಫರಕು ಐದು." ಐದನೆಯದನ್ನು ಎಳೆದರು. "ಇವರು ಭಾಳ ಕಠಿಣ ಇದ್ದವರು. ಕುಡೀದವರು ಇಪ್ಪತ್ತು ಮಂದಿ, ದನಿ ಬಂದದ್ದು ನಾಲ್ಕ ಮಂದಿಗೆ. ಕುಡದವರು ಎಂಬತ್ತು, ದನಿ ಬಂದದ್ದು ನಲವತ್ತ ಮಂದಿಗೆ. ನೂರಕ್ಕ ಇಪ್ಪತ್ತು ಇದ್ದದ್ದು ಐವತ್ತಾತು. ಫರಕು ಮೂವತ್ತು."

ಮಧ್ಯದ ಮೂರು ಮೊರಗಳಲ್ಲಿ ಫರಕು ಹತ್ತು, ಇಪ್ಪತ್ತು, ಇಪ್ಪತ್ತೈದು. ಒಂದು ರಾಶಿಯಲ್ಲೂ ಕಷಾಯ ಸೋತಿರಲಿಲ್ಲ. ಜನ ಗುಜುಗುಜು ಅಂದರು. ಅಕ್ಕಾರು ಶಾಲೆಯಿಂದ ತರಿಸಿದ ಕರಿಹಲಗೆಯ ಮೇಲೆ ಐದೂ ಫರಕು ಬರೆದು ಕೂಡಿಸಿ ಐದರಿಂದ ಭಾಗಿಸಿದರು. "ನೂರಕ್ಕ ಹದಿನೆಂಟು ದನಿ. ಇದು ಕಷಾಯದ ಗುಣ."

"ಅಲ್ಲೇ ನಿಲ್ರಿ." ಮಲಕಾಜಪ್ಪನವರು ಎದ್ದು ಕಟ್ಟೆಯ ತುದಿಗೆ ಬಂದರು. ಮೊದಲ ಮೊರದ ಮೇಲೆ ಒಂದು ಕೈ, ಐದನೆಯದರ ಮೇಲೆ ಒಂದು ಕೈ. "ಇದರಾಗ ಮುನ್ನೂರು ಮಂದಿ. ಇದರಾಗ ನೂರು. ಎರಡಕ್ಕೂ ಒಂದ ತೂಕ ಹ್ಯಾಂಗ ಕೊಟ್ರಿ? ದೊಡ್ಡ ಚೀಲದಾಗ ನೂರಕ್ಕ ಎರಡು ಪಾಲು ಕಲ್ಲು, ಸಣ್ಣ ಚೀಲದಾಗ ನೂರಕ್ಕ ಹತ್ತು ಪಾಲು ಕಲ್ಲು. ಎರಡೂ ಕೂಡಿಸಿ ಅರ್ಧಾ ಮಾಡಿ, ನಿಮ್ಮ ಜ್ವಾಳದಾಗ ನೂರಕ್ಕ ಆರು ಪಾಲು ಕಲ್ಲೈತಿ ಅಂದ್ರ ಈ ಪ್ಯಾಟ್ಯಾಗ ಒಬ್ಬ ಹಮಾಲನೂ ಒಪ್ಪೂದಿಲ್ಲ."

ಹಮಾಲರ ಗುಂಪಿನಿಂದ "ಹೌದ್ರಿ, ಹೌದು" ಎಂದು ದನಿ ಎದ್ದಿತು. ಅಕ್ಕಾರ ಮುಖ ಬಿಳಚಿಕೊಂಡಿತು. ಕರಿಹಲಗೆಯ ಮೇಲಿನ ಹದಿನೆಂಟನ್ನೇ ನೋಡುತ್ತ ನಿಂತರು. ಬೀಬಿಜಾನ್ ಅಮ್ಮ ಸೌಟನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

ಅಕ್ಕಾರು ಸೆರಗಿನ ತುದಿಯಿಂದ ಹದಿನೆಂಟನ್ನು ಒರೆಸಿಹಾಕಿದರು.

"ನೀವು ಹೇಳಿದ್ದು ಖರೇ. ನಾ ತಪ್ಪಿದೆ" ಎಂದು ಊರೆಲ್ಲ ಕೇಳುವ ಹಾಗೆ ಹೇಳಿ, ಸುಣ್ಣದ ಕಡ್ಡಿಯನ್ನು ಅವರ ಕಡೆಗೆ ಚಾಚಿದರು. "ತೂಗೂದು ನಿಮ್ಮ ಕೆಲಸ. ತೂಕ ನೀವ ಹಾಕ್ರಿ."

ಮಲಕಾಜಪ್ಪನವರು ಇದನ್ನು ಎಣಿಸಿರಲಿಲ್ಲ. ಕಡ್ಡಿ ತೆಗೆದುಕೊಂಡರು. ಒಂದು ಕ್ಷಣ ಯೋಚಿಸಿ ಕೇಳಿದರು, "ಯಾರ ತೂಕ ಹಾಕಲಿ? ರಾಶ್ಯಾಗಿನ ಎಲ್ಲಾರದೋ, ಕುಡದವರದಷ್ಟೋ?"

"ಛಲೋ ಕೇಳಿದ್ರಿ" ಅಂದರು ಅಕ್ಕಾರು. ಮುಖಕ್ಕೆ ಮತ್ತೆ ಬಣ್ಣ ಬಂದಿತ್ತು. "ಇವತ್ತಿನ ಪ್ರಶ್ನೆ ಮನಿ ಮುಚ್ಚಬೇಕೋ ಬ್ಯಾಡೋ ಅಂತ. ಮುಚ್ಚಿದ್ರ ಯಾರದು ಹೋಗತೈತಿ? ಹತ್ತಿ ಹೋಗಿ ಕುಡಿಯೋರದು. ಅವರ ತೂಕ ಹಾಕ್ರಿ."

ಅವರು ಬರೆಯತೊಡಗಿದರು, ಪೇಟೆಯಲ್ಲಿ ತೂಕ ಕೂಗುವ ಹಾಗೆ ಕೂಗುತ್ತ. ಮೊದಲ ರಾಶಿಯಲ್ಲಿ ಕುಡಿದವರು ಇಪ್ಪತ್ತು, ನೂರಕ್ಕೆ ಐದರಂತೆ ಒಂದು ದನಿ. ಎರಡನೆಯದರಲ್ಲಿ ಐವತ್ತು, ಹತ್ತರಂತೆ ಐದು ದನಿ. ಮೂರನೆಯದರಲ್ಲಿ ಎಂಬತ್ತು, ಇಪ್ಪತ್ತರಂತೆ ಹದಿನಾರು. ನಾಲ್ಕನೆಯದರಲ್ಲಿ ನೂರು ಮಂದಿ, ಇಪ್ಪತ್ತೈದು ದನಿ. ಐದನೆಯದರಲ್ಲಿ ಎಂಬತ್ತು, ಮೂವತ್ತರಂತೆ ಇಪ್ಪತ್ತನಾಲ್ಕು. ಕೂಗುತ್ತ ಕೂಗುತ್ತ ಅವರ ದನಿ ಇಳಿಯುತ್ತ ಬಂತು. ಮೊತ್ತ ಬರೆದು ಕಡ್ಡಿಯನ್ನು ಕರಿಹಲಗೆಗೆ ಒತ್ತಿ ಹಿಡಿದು ಹಾಗೇ ನಿಂತರು.

"ಓದ್ರಿ" ಅಂದರು ಅಕ್ಕಾರು ಮೆತ್ತಗೆ.

"ಎಪ್ಪತ್ತೊಂದು."

"ಆ ಮನಿ ಇರದಿದ್ರ, ಮಾತು ಬಂದ ಆ ಇನ್ನೂರ ಮೂವತ್ತಮೂರು ಮಂದ್ಯಾಗ ಎಪ್ಪತ್ತೊಂದು ಮಂದಿ ಇವತ್ತ ಮೂಕರಾಗಿ ಇರತಿದ್ರು. ನೂರಕ್ಕ ಲೆಕ್ಕ ಹಾಕಿದ್ರ ಇಪ್ಪತ್ತೊಂದಕ್ಕಿಂತ ಹೆಚ್ಚು. ನನ್ನ ತಪ್ಪು ಲೆಕ್ಕಕ್ಕಿಂತ ನಿಮ್ಮ ಸರಿ ಲೆಕ್ಕದಾಗ ಕಷಾಯದ ಗುಣ ಹೆಚ್ಚೈತಿ."

ಮಲಕಾಜಪ್ಪನವರು ತಿರುಗಲಿಲ್ಲ. ಕರಿಹಲಗೆಯ ಕಡೆಗೇ ಮುಖ ಮಾಡಿ ಕೇಳಿದರು, "ನಮ್ಮಾಕಿ ಯಾವ ರಾಶ್ಯಾಗ ಅದಾಳ?"

"ಐದನೇದ್ರಾಗ್ರಿ. ಕುಡದ ಎಂಬತ್ತು ಮಂದ್ಯಾಗ ನಲವತ್ತಕ್ಕ ಬಂತು, ನಲವತ್ತಕ್ಕ ಬರಲಿಲ್ಲ. ಕಷಾಯಕ್ಕ ಎಲ್ಲಾರನ್ನೂ ಎತ್ತಾಕ ಆಗೂದಿಲ್ಲ. ನೀವು ನಲವತ್ತು ದಿನ ಹೊತ್ತದ್ದರಾಗ ಏನೂ ತಪ್ಪಿಲ್ರಿ."

ಆಗ ಬಳೆ ಸದ್ದಾಯಿತು. ನಿಂಬೆವ್ವ ಎದ್ದು ನಿಂತಿದ್ದಳು. ಪಾಟಿಯ ಮೇಲೆ ಏನೋ ಬರೆದು, ತಲೆಯ ಮೇಲೆ ಎತ್ತಿ ಹಿಡಿದು, ನಿಧಾನವಾಗಿ ಒಂದು ಸುತ್ತು ತಿರುಗಿದಳು. ಎಲ್ಲರೂ ಓದಿದರು: ಮನಿ ಮುಚ್ಚಬ್ಯಾಡ್ರಿ.

ಹಿಂದಿನಿಂದ ಯಾರೋ ಕೇಳಿದರು, "ಅಕ್ಕಾರ, ಆ ಎಪ್ಪತ್ತೊಂದು ಮಂದಿ ಯಾರ್‍ಯಾರು?"

"ಅದು ಯಾರಿಗೂ ಗೊತ್ತಾಗೂದಿಲ್ಲ. ಎಷ್ಟು ಮಂದಿ ಅಂತ ಲೆಕ್ಕ ಹೇಳತೈತಿ, ಯಾರು ಅಂತ ಹೇಳೂದಿಲ್ಲ."

ಆಮೇಲೆ ದುರುಗವ್ವ ಎದ್ದಳು. "ಹಂಗಾದ್ರ ನಾ ಒಬ್ಬಾಕಿ ಅಂತ ಬರಕೋರಿ." ಅವಳು ಕೂರುವುದರೊಳಗೆ ಹಮಾಲ ಮೌಲಾಸಾಬ, "ನಾನೂ" ಅಂದ. "ನಂದೂ ಹಾಕ್ರಿ." "ನಮ್ಮ ಅತ್ತೀದು." "ನಂದು." ಕಟ್ಟೆಯ ಎಡಕ್ಕೆ, ಬಲಕ್ಕೆ, ಹುಣಸೆ ಮರದ ಕೆಳಗೆ, ಒಬ್ಬೊಬ್ಬರಾಗಿ ಏಳತೊಡಗಿದರು. ಎಪ್ಪತ್ತೊಂದು ದಾಟಿತು, ನೂರು ದಾಟಿತು. ಎಣಿಸುವುದು ನನ್ನ ಕೆಲಸ, ಆದರೆ ನಾನೂ ಎದ್ದು ಕೂಗುತ್ತಿದ್ದೆ. ಬೀಬಿಜಾನ್ ಅಮ್ಮ ಸೌಟನ್ನು ಹೊರಗೆ ತೆಗೆದು ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದಳು.

ಗದ್ದಲ ಅಡಗಿದ ಮೇಲೆ ಮಲಕಾಜಪ್ಪನವರು ಕಣ್ಣೊರೆಸಿಕೊಂಡು ಈ ಕಡೆ ತಿರುಗಿದರು. "ಮನಿ ಇರತೈತಿ" ಅಂದರು. ಆಮೇಲೆ ಮೊರಗಳನ್ನು ನೋಡಿ, "ಕುಡೀದವರ ತೂಕ ಹಾಕಿದ್ರ?" ಎಂದು ತಾವಾಗಿಯೇ ಮತ್ತೆ ಬರೆಯಲು ಶುರು ಮಾಡಿದರು. ಪ್ರಶ್ನೆ ಬದಲಾಯಿತು, ತೂಕವೂ ಬದಲಾಯಿತು. ಕುಡಿಯದೆ ಮನೆಯಲ್ಲಿ ಕೂತು ಮೂಕರಾಗಿ ಉಳಿದವರು ನೂರ ಅರವತ್ತೆರಡು ಮಂದಿ. ಅವರೂ ಕುಡಿದಿದ್ದರೆ ಅವರೊಳಗೆ ಎಪ್ಪತ್ತಾರು ಎಪ್ಪತ್ತೇಳು ಮಂದಿಗೆ ದನಿ ಬರುತ್ತಿತ್ತು.

"ಅವರು ಮ್ಯಾಲ ಬರೂದಿಲ್ಲ" ಅಂದರು ಅಕ್ಕಾರು. "ಕಷಾಯ ಕೆಳಗ ಇಳಿಯೂದಿಲ್ಲ."

ಮಲಕಾಜಪ್ಪನವರು ಹಮಾಲರ ಕಡೆ ನೋಡಿದರು. ಮೌಲಾಸಾಬ ನಕ್ಕ. ಬಂಡಿಯಿಂದ ಉಗ್ರಾಣಕ್ಕೆ ಚೀಲ ಹೇಗೆ ಹೋಗುತ್ತದೆ ಎಂದು ಪೇಟೆಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಬ್ಬನೇ ಹೊತ್ತು ನಡೆಯುವುದಿಲ್ಲ, ಕೈಯಿಂದ ಕೈಗೆ ಹೋಗುತ್ತದೆ.

ಆ ವರ್ಷ ಬಿಳಿಗಾಳಿ ನಿಂತ ಮೂರನೆಯ ದಿನ ಗುಡ್ಡದ ಮೇಲೆ ನಾಲ್ಕು ಮೆಟ್ಟಿಲಿಗೆ ಒಬ್ಬರಂತೆ ಇನ್ನೂರ ಎಪ್ಪತ್ತೈದು ಮಂದಿ ನಿಂತರು. ಹಮಾಲರು, ಗಾಣದವರು, ಶಾಲೆಯ ದೊಡ್ಡ ಹುಡುಗಿಯರು, ದನಿ ಇದ್ದವರು, ಇಲ್ಲದವರು. ತುದಿಯಲ್ಲಿ ಬೀಬಿಜಾನ್ ಅಮ್ಮ ತಾಮ್ರದ ಕೊಡಕ್ಕೆ ಕಂಬಳಿ ಸುತ್ತಿ ಕೊಟ್ಟಳು. ಕೊಡ ಕೈಯಿಂದ ಕೈಗೆ ಇಳಿಯತೊಡಗಿತು. ಕಡಿದಾದ ತಿರುವಿನಲ್ಲಿ ನಿಂಬೆವ್ವ ನಿಂತಿದ್ದಳು. ಸಾಲು ಎಲ್ಲಿ ನಿಧಾನವಾದರೂ ಬಳೆ ಬಡಿದು ಗದರಿಸುತ್ತಿದ್ದಳು. ಬುಡದಲ್ಲಿ ಮಲಕಾಜಪ್ಪನವರು ಮೊದಲ ಲೋಟ ಬಗ್ಗಿಸಿ, ತುಟಿಗೆ ತಾಗಿಸಿ, ಕೈ ಮೇಲೆತ್ತಿ, "ಸುಡತೈತಿ!" ಎಂದು ಕೂಗಿದರು. ಆ ಮಾತು ಮೆಟ್ಟಿಲು ಹತ್ತುತ್ತ ಹತ್ತುತ್ತ ತುದಿಯವರೆಗೂ ಹೋಯಿತು. ಕೆರೆಯ ಆಚೆಯವರು, ಗೊಗ್ಗರು ದನಿಯ ಹರೆಯದವರು, ಎಲ್ಲರೂ ಸಾಲು ನಿಂತು ಕುಡಿದರು. ನಲವತ್ತನೆಯ ದಿನದವರೆಗೆ ಹಾಗೇ ನಡೆಯಿತು, ಒಂದು ದಿನವೂ ಸಾಲು ತಪ್ಪಲಿಲ್ಲ.

ಆ ಸಲ ದನಿ ಹೋದವರು ಮುನ್ನೂರ ಹತ್ತು ಮಂದಿ. ಎಲ್ಲರೂ ಕುಡಿದರೆ ಎಷ್ಟು ಮಂದಿಗೆ ಬಂದೀತು ಎಂದು ಅಕ್ಕಾರು ಐದು ರಾಶಿಯ ತೂಕ ಹಾಕಿ ಮೊದಲೇ ಬರೆದಿಟ್ಟಿದ್ದರು: ಇನ್ನೂರ ಐವತ್ತನಾಲ್ಕು. ನಲವತ್ತನೆಯ ದಿನ ನಾನು ಮನೆಮನೆ ತಿರುಗಿ ಬರೆದು ತಂದದ್ದು ಇನ್ನೂರ ಐವತ್ತೇಳು. ನಾನು ಕುಣಿಯುತ್ತ ಹೋಗಿ ಹೇಳಿದರೆ ಅವರು ಹುಬ್ಬು ಗಂಟಿಕ್ಕಿದರು.

"ಮೂರು ಹೆಚ್ಚು ಹ್ಯಾಂಗ ಬಂತು? ಎಲ್ಲೋ ತಪ್ಪಿ ಬರದೀ. ನಡಿ, ಇನ್ನೊಮ್ಮೆ ಎಣಿಸೂಣು."

ಮುನ್ನೂರ ಹತ್ತೂ ಬಾಗಿಲು ಮತ್ತೆ ಬಡಿದೆವು. ಮಧ್ಯಾಹ್ನದ ಊಟದ ಹೊತ್ತು. ಜನಕ್ಕೆ ಸಿಟ್ಟು ಬಂತು. "ಮುಂಜಾನೆ ಬರಕೊಂಡ ಹೋದವರು ಮತ್ಯಾಕ ಬಂದ್ರಿ?" ಅಂದರು. "ಬಂದೈತಿ ಅಂದ್ನೆಲ್ಲ, ಕಿವಿ ಕೇಳೂದಿಲ್ಲೇನು?" ಅಂದರು. ಗಾಣದ ಓಣಿಯ ಮುದುಕನೊಬ್ಬ, ಐದನೆಯ ರಾಶಿಯವನು, ಬಾಗಿಲಲ್ಲೇ ನಿಂತು ನಮ್ಮಿಬ್ಬರ ಮನೆತನವನ್ನೂ ಮೂರು ತಲೆಮಾರಿನವರೆಗೆ ಜಾಲಾಡಿದ. ಅವನ ದನಿಗೆ ಪಕ್ಕದ ಮನೆಯವರು ಹೊರಗೆ ಬಂದರು, ಅವರೂ ಬೈಯಲು ಶುರು ಮಾಡಿದರು. ಓಣಿಯ ಈ ಕಡೆಯಿಂದಲೂ ಆ ಕಡೆಯಿಂದಲೂ ಬೈಗುಳ ಬರುತ್ತಿತ್ತು. ಅಕ್ಕಾರು ನಡುಬೀದಿಯಲ್ಲಿ ನಿಂತು ಒಂದೊಂದು ದನಿಗೂ ದಫ್ತರದಲ್ಲಿ ಒಂದೊಂದು ಗೀಟು ಹಾಕುತ್ತ ಹೋದರು. ಕಡೆಗೆ ಕೂಡಿಸಿ ನೋಡಿ, ದಫ್ತರ ಮುಚ್ಚಿ ನನ್ನ ಕೈಗೆ ಕೊಟ್ಟರು.

"ಇನ್ನೂರ ಐವತ್ತೇಳ ಖರೇ. ನಂದ ತಪ್ಪು" ಅಂದರು, ಮತ್ತು ಊರೆಲ್ಲ ಬೈಯುತ್ತಿರುವಾಗ ಗಟ್ಟಿಯಾಗಿ ನಕ್ಕರು.